ಸರ್ ಸ್ಯಾಮ್ಯುಯೆಲ್ ವೈಟ್ ಬೇಕರ್ (1821–1893) ಮತ್ತು ಸೀಸದ ಗುಂಡು

ಆಯುಧ ಪರವಾನಗಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರು ಬಂದೂಕಿನ ವಿವರವನ್ನು 12 ಬೋರ್ ಎಂದು ನಮೂದಿಸುವುದು ಸಾಮಾನ್ಯವಾಗಿದೆ. ಈ ಸಂಖ್ಯೆಯು ಅಂಗುಲದ ಅಳತೆಯಲ್ಲ. ನಳಿಗೆಯ ಒಳ ಅಗಲಕ್ಕೆ ಸರಿಹೊಂದುವ ಗುಂಡುಗಳನ್ನು ಒಂದು ಪೌಂಡ್ ಸೀಸದಿಂದ ಎಷ್ಟು ಎರಕ ಹೊಯ್ಯಬಹುದೋ ಅದೇ ಬೋರಿನ ಸಂಖ್ಯೆ. ಆದುದರಿಂದ ಸಂಖ್ಯೆಯು ಕಡಿಮೆಯಾದಂತೆ ಗುಂಡು ದೊಡ್ಡದಾಗುತ್ತದೆ. 12 ಬೋರಿನ ಗುಂಡು ಸುಮಾರು 38 ಗ್ರಾಂ ತೂಗಿದರೆ 4 ಬೋರಿನದು ಸುಮಾರು 113 ಗ್ರಾಂ ತೂಗುತ್ತದೆ. ಬೇಟೆಗಾರರು ತಮ್ಮ ಗುಂಡುಗಳನ್ನು ತಾವೇ ಎರಕ ಹೊಯ್ದುಕೊಳ್ಳುತ್ತಿದ್ದ ಕಾಲದ ಲೆಕ್ಕವಿದು. ಆ ಕಾಲದ ಪದ್ಧತಿಯನ್ನು ತೂಕ, ಪ್ರಮಾಣಗಳ ಸಹಿತ ಬರೆದಿಟ್ಟವರಲ್ಲಿ ಸರ್ ಸ್ಯಾಮ್ಯುಯೆಲ್ ಬೇಕರ್ ಅವರು ಪ್ರಮುಖರು. ಇವರನ್ನು ಜಗತ್ತು ನೈಲ್ ನದಿಯ ಅನ್ವೇಷಕರೆಂದು ಬಲ್ಲದು.

ಶ್ರೀಯುತರು 1821ರ ಜೂನ್ 8ರಂದು ಲಂಡನ್ನಿನ ಸಿರಿವಂತ ವರ್ತಕ ಮನೆತನದಲ್ಲಿ ಜನಿಸಿದರು. 1840ರಲ್ಲಿ, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, ಬ್ರಿಸ್ಟಲ್ ನಗರದ ಗಿಬ್ಸ್ ಎಂಬ ಬಂದೂಕು ತಯಾರಕರಿಗೆ ತಮ್ಮದೇ ಆದ ಅಳತೆಯನ್ನು ಕೊಟ್ಟು ಒಂದು ರೈಫಲನ್ನು ಮಾಡಿಸಿಕೊಂಡರು. ಅದರ ತೂಕ 21 ಪೌಂಡ್, ಅಂದರೆ ಸುಮಾರು ಒಂಬತ್ತೂವರೆ ಕಿಲೋಗ್ರಾಂ. ನಳಿಗೆಯ ಉದ್ದ 36 ಅಂಗುಲ. ಒಂದು ಹೊಡೆತಕ್ಕೆ 16 ಡ್ರಾಂ, ಅಂದರೆ ಸುಮಾರು 28 ಗ್ರಾಂ ಕರಿಮದ್ದು ಬೇಕಾಗುತ್ತಿತ್ತು. ದುಂಡಗಿನ ಗುಂಡು 3 ಔನ್ಸ್, ಶಂಕುವಿನಾಕಾರದ ಗುಂಡು 4 ಔನ್ಸ್ ತೂಗುತ್ತಿದ್ದವು. ಇಷ್ಟು ಮದ್ದನ್ನು ಸುಟ್ಟರೆ ಹಾರಿಸಿದವನ ಭುಜ ಉಳಿಯಲಾರದೆಂಬ ಶಂಕೆ ಅಂದು ಇತ್ತು. ಬಂದೂಕಿನ ಭಾರವೇ ಅದರ ಒದೆತವನ್ನು ನುಂಗಿಕೊಂಡಿತು.

1846ರಲ್ಲಿ ಬೇಕರ್ ಅವರು ಸಿಂಹಳಕ್ಕೆ (ಇಂದಿನ ಶ್ರೀಲಂಕಾ) ತೆರಳಿ, ಅನಂತರ ನುವಾರ ಎಲಿಯದ ಬೆಟ್ಟ ಪ್ರದೇಶದಲ್ಲಿ ವ್ಯವಸಾಯದ ನೆಲೆಯನ್ನು ಸ್ಥಾಪಿಸಿದರು. ಆ ಕಾಲದಲ್ಲಿ ಆನೆಯನ್ನು ಕೊಂದವರಿಗೆ ಅಲ್ಲಿನ ಸರ್ಕಾರವೇ ಬಹುಮಾನ ನೀಡುತ್ತಿತ್ತು. ಇಂದಿನ ಓದುಗರಿಗೆ ಇದು ನಂಬಲು ಕಷ್ಟವಾಗಬಹುದು. ಬಂದೂಕುಗಳಿಗೆ ಬಾಯಿಯಿಂದಲೇ ಮದ್ದು ತುಂಬಬೇಕಾಗಿತ್ತು. ಮದ್ದನ್ನು ಅಳೆದು ಸುರಿದು, ಗುಂಡನ್ನು ಗಜದಿಂದ ಜಡಿದು, ಕೇಪನ್ನು ಕೂರಿಸುವವರೆಗೆ ಗಾಯಗೊಂಡ ಆನೆ ಕಾಯುವುದಿಲ್ಲ. ತುಂಬಿದ ಇನ್ನೊಂದು ಬಂದೂಕನ್ನು ಹಿಡಿದ ಆಳು ಓಡಿಹೋದಲ್ಲಿ ಬೇಟೆಗಾರನ ಕೈ ಬರಿದಾಗುತ್ತಿತ್ತು. ಮೊದಲ ಗುಂಡೇ ಕೆಲಸ ಮಾಡಬೇಕಾಗಿತ್ತು. ಆದರೆ ಶುದ್ಧ ಸೀಸವು ಮೃದುವಾದ ಲೋಹವಾದುದರಿಂದ ಆನೆಯ ತಲೆಬುರುಡೆಯ ದಪ್ಪ ಎಲುಬಿಗೆ ತಗುಲಿ ಚಪ್ಪಟೆಯಾಗಿ, ಮಿದುಳನ್ನು ಮುಟ್ಟುವ ಮೊದಲೇ ನಿಂತುಬಿಡುವ ಸಂಭವವಿತ್ತು.

1855ರಲ್ಲಿ ಪತ್ನಿ ಹೆನ್ರಿಯೆಟಾ ತೀರಿಕೊಂಡರು. 1859ರಲ್ಲಿ ಡ್ಯಾನ್ಯೂಬ್ ದಂಡೆಯ ವಿಡಿನ್ ಪಟ್ಟಣದಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಫ್ಲಾರೆನ್ಸ್ ಅವರು ಮುಂದೆ ಬೇಕರ್ ಅವರ ಬಾಳಸಂಗಾತಿಯಾಗಿ, ಎಲ್ಲ ಪ್ರಯಾಣಗಳಲ್ಲಿಯೂ ಜೊತೆಗಿದ್ದರು. ದಂಪತಿಗಳು 1861ರಿಂದ ಸುಮಾರು ಒಂದು ವರ್ಷ ಅಟ್ಬರಾ ಮತ್ತು ಸೆಟಿಟ್ ನದಿಗಳ ಪ್ರದೇಶದಲ್ಲಿ ಸಂಚರಿಸಿದರು. ಅಲ್ಲಿನ ಹಮ್ರಾನ್ ಅರಬರು ಕುದುರೆಯೇರಿ, ಕೇವಲ ಕತ್ತಿಯಿಂದ ಆನೆಯ ಹಿಂಗಾಲಿನ ನರವನ್ನು ಕಡಿದು ಬೇಟೆಯಾಡುತ್ತಿದ್ದರು. ಅಷ್ಟು ದೊಡ್ಡ ಬಂದೂಕುಗಳ ಒಡೆಯರಾಗಿದ್ದ ಬೇಕರ್ ಅವರು ಇವರ ಧೈರ್ಯವನ್ನು ಮನಸಾರೆ ಮೆಚ್ಚಿದ್ದರು.

ಗುಂಡನ್ನು ಗಟ್ಟಿಗೊಳಿಸಲು ಅವರು ಒಂಬತ್ತು ಪಾಲು ಸೀಸಕ್ಕೆ ಒಂದು ಪಾಲು ಪಾದರಸವನ್ನು ಬೆರೆಸುತ್ತಿದ್ದರು. ತವರ ಬೆರೆಸಿದರೂ ಸೀಸ ಗಟ್ಟಿಯಾಗುತ್ತದೆ, ಆದರೆ ಗುಂಡು ಹಗುರವಾಗುತ್ತದೆ. ಪಾದರಸವು ಸೀಸಕ್ಕಿಂತ ಭಾರವಾದುದರಿಂದ ತೂಕದಲ್ಲಿ ನಷ್ಟವಿಲ್ಲ. ಸೀಸವನ್ನು ಪ್ರತ್ಯೇಕವಾಗಿ ಕೆಂಪಗೆ ಕಾಯಿಸಿ, ಮೂರು ನಾಲ್ಕು ಗುಂಡುಗಳಿಗೆ ಸಾಕಾಗುವಷ್ಟನ್ನು ಮಾತ್ರ ಸೌಟಿನಲ್ಲಿ ತೆಗೆದು, ಅದಕ್ಕೆ ತಕ್ಕ ಪ್ರಮಾಣದ ಪಾದರಸವನ್ನು ಹಾಕಿ, ಕಬ್ಬಿಣದ ತುಂಡಿನಿಂದ ಬೇಗನೆ ಕಲಕಿ ಅಚ್ಚಿಗೆ ಹೊಯ್ಯುವುದು ಅವರ ಕ್ರಮವಾಗಿತ್ತು. ದೊಡ್ಡ ಪಾತ್ರೆಗೇ ಬೆರೆಸಿದಲ್ಲಿ ಪಾದರಸವು ಆವಿಯಾಗಿ ಹೋಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಬೆಲೆಬಾಳುವ ಪದಾರ್ಥ ವ್ಯರ್ಥವಾಗಬಾರದೆಂಬುದಷ್ಟೇ ಅವರ ಲೆಕ್ಕದಲ್ಲಿತ್ತು. ಸೌಟಿನ ಮೇಲೆ ಬಗ್ಗಿದವನ ಶ್ವಾಸಕೋಶವನ್ನು ಸೇರುವ ಆ ಹಬೆಯು ನರಮಂಡಲವನ್ನು ಹಾಳುಮಾಡುವ ವಿಷವೆಂಬುದು ಆ ಲೆಕ್ಕದಲ್ಲಿ ಇರಲಿಲ್ಲ.

ಇದೇ ಪ್ರವಾಸದಲ್ಲಿ ಹಾಲೆಂಡ್ ಅವರು ತಯಾರಿಸಿದ ಮತ್ತೊಂದು ಬಂದೂಕು ಅವರ ಬಳಿಯಿತ್ತು. ಅದಕ್ಕೆ ಅವರು ಇಟ್ಟ ಹೆಸರು ಬೇಬಿ. ಅರಬರು ಅದನ್ನು ತೋಪಿನ ಮರಿ ಎಂಬರ್ಥದ ಹೆಸರಿನಿಂದ ಕರೆದರು, ಇದೇ ಹೆಚ್ಚು ಸರಿಯಾದ ಹೆಸರು ಎನ್ನಬೇಕು. ಒಳಗೆ ಮದ್ದಿಟ್ಟು ಸಿಡಿಯುವಂತೆ ಮಾಡಿದ ಅದರ ಗುಂಡು ಅರ್ಧ ಪೌಂಡ್ ತೂಗುತ್ತಿತ್ತು. ಹಾರಿಸಿದ ಪ್ರತಿ ಸಲವೂ ಬಲಿಷ್ಠ ದೇಹದ ಬೇಕರ್ ಅವರನ್ನೇ ತಿರುಗಿಸಿಬಿಡುತ್ತಿದ್ದ ಈ ಬಂದೂಕಿಗೆ ಅವರೂ ಅಂಜುತ್ತಿದ್ದರು. ಬಹಳ ಅಪರೂಪವಾಗಿ ಬಳಸಿದರು.

1864ರ ಮಾರ್ಚ್ 14ರಂದು ಬೇಕರ್ ದಂಪತಿಗಳು ಆಲ್ಬರ್ಟ್ ಸರೋವರವನ್ನು ತಲುಪಿದರು. 1866ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. 1869ರಿಂದ 1873ರವರೆಗೆ ಈಜಿಪ್ಟಿನ ಖೆದಿವ್ ಇಸ್ಮಾಯಿಲರ ಪರವಾಗಿ ಈಕ್ವಟೋರಿಯಾ ಪ್ರಾಂತದ ಗವರ್ನರ್ ಜನರಲ್ ಆಗಿ ಗುಲಾಮರ ವ್ಯಾಪಾರವನ್ನು ಅಡಗಿಸುವ ಕಾರ್ಯದಲ್ಲಿ ತೊಡಗಿದ್ದರು.

ಮುಂದೆ ಭಾರತದಲ್ಲಿಯೂ ಹುಲಿ ಬೇಟೆಯಾಡಿದ ಬೇಕರ್ ಅವರು, 1890ರಲ್ಲಿ ಪ್ರಕಟವಾದ ಕೃತಿಯಲ್ಲಿ ಅರ್ಧ ಶತಮಾನದ ಅನುಭವವನ್ನು ದಾಖಲಿಸಿದರು. ಆನೆಯಂತಹ ದಪ್ಪ ಚರ್ಮದ ಪ್ರಾಣಿಗೆ ಗಟ್ಟಿಗೊಳಿಸಿದ ಸೀಸವೇ ಬೇಕು. ಹುಲಿಗೆ ಅದೇ ಗುಂಡು ತಕ್ಕುದಲ್ಲ. ಅದು ದೇಹವನ್ನು ತೂರಿ ಆಚೆಗೆ ಹೋಗಿ, ತನ್ನ ಬಲವನ್ನು ಹೊರಗೆ ಚೆಲ್ಲುತ್ತದೆ. ಬೆರಕೆಯಿಲ್ಲದ, ಒಳಟೊಳ್ಳಿಲ್ಲದ ಸೀಸದ ಗುಂಡು ಅಣಬೆಯಂತೆ ಅರಳಿ ಆಚೆ ಬದಿಯ ಚರ್ಮದ ಕೆಳಗೆ ನಿಲ್ಲಬೇಕೆಂಬುದು ಅವರ ಮತವಾಗಿತ್ತು. ಆ ಕಾಲದಲ್ಲಿ ಬಹಳ ಪ್ರಚಾರದಲ್ಲಿದ್ದ ಟೊಳ್ಳುಮೂತಿಯ ಎಕ್ಸ್‌ಪ್ರೆಸ್ ಗುಂಡುಗಳನ್ನು ಅವರು ಕಟುವಾಗಿ ವಿರೋಧಿಸಿದರು. ಅವು ಮೈಮೇಲೆಯೇ ಚೂರಾಗಿ, ಪ್ರಾಣಿಯು ಸಾಯದೆ ಗಾಯದೊಂದಿಗೆ ಪೊದೆಯನ್ನು ಸೇರುತ್ತದೆ. ಹಾಗೆ ಸೇರಿದ ಹುಲಿಯನ್ನು ಹುಡುಕಲು ಕಾಲ್ನಡಿಗೆಯಲ್ಲಿ ಹೋಗಬೇಕಾದವರು ಸಾಮಾನ್ಯವಾಗಿ ಸ್ಥಳೀಯ ಬಡ ಆಳುಗಳು.

ಶ್ರೀಯುತರು 1893ರ ಡಿಸೆಂಬರ್ 30ರಂದು ಇಂಗ್ಲೆಂಡಿನ ಡೆವನ್ ಪ್ರಾಂತದ ನ್ಯೂಟನ್ ಆಬಟ್ ಸಮೀಪದ ತಮ್ಮ ಮನೆಯಲ್ಲಿ ನಿಧನರಾದರು. ಅದೇ ದಶಕದಲ್ಲಿ ಹೊಗೆರಹಿತ ಮದ್ದು ಹಾಗೂ ಗಟ್ಟಿ ಲೋಹದ ಹೊದಿಕೆಯ ಗುಂಡುಗಳು ಬಳಕೆಗೆ ಬಂದು, ದೊಡ್ಡ ಬೋರಿನ ಬಂದೂಕುಗಳೂ ಗುಂಡಿನ ಅಚ್ಚುಗಳೂ ಕ್ರಮೇಣ ಮೂಲೆ ಸೇರಿದವು.

ಸಾರ್ವಜನಿಕರ ಗಮನಕ್ಕೆ: ಆಯುಧ ಅಧಿನಿಯಮ, 1959ರ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡುಗಳನ್ನು ತಯಾರಿಸುವುದು ಅಪರಾಧವಾಗಿರುತ್ತದೆ. ಆನೆ ಮತ್ತು ಹುಲಿಗಳ ಬೇಟೆಯನ್ನು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅಡಿಯಲ್ಲಿ ನಿಷೇಧಿಸಲಾಗಿದೆ.