ಫಿನಿಯಾಸ್ ಗೇಜನ ಎರಡು ಬಾಳು

ಅರಸರು, ಕವಿಗಳು, ದೇಶಭಕ್ತರು, ಇವರ ಜೀವನಚರಿತ್ರೆಗಳನ್ನು ಓದುವುದು ನಮಗೆ ರೂಢಿ. ನಾನಿಲ್ಲಿ ಬರೆಯಹೊರಟಿರುವುದು ಬಂಡೆ ಸಿಡಿಸುವ ಒಬ್ಬ ಮೇಸ್ತ್ರಿಯ ಚರಿತ್ರೆಯನ್ನು. ಆತ ರಾಜ್ಯವನ್ನಾಳಲಿಲ್ಲ, ಗ್ರಂಥ ಬರೆಯಲಿಲ್ಲ. ಆದರೂ ಮನಶ್ಶಾಸ್ತ್ರದ ಪುಸ್ತಕವನ್ನು ತೆರೆದವರಿಗೆ ಆತನ ಹೆಸರು ಅಪರಿಚಿತವಲ್ಲ. ಆದರೆ ಪುಸ್ತಕಗಳು ಬಹುಮಟ್ಟಿಗೆ ಆತನ ಬಾಳಿನ ಅರ್ಧವನ್ನು ಹೇಳಿ ನಿಲ್ಲಿಸಿಬಿಡುತ್ತವೆ. ಉಳಿದರ್ಧವನ್ನೂ ಹೇಳಬೇಕೆಂಬುದೇ ಈ ಲೇಖನದ ಉದ್ದೇಶ.

ಫಿನಿಯಾಸ್ ಗೇಜ್ ಹುಟ್ಟಿದ್ದು 1823ರಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿ. ಐವರು ಮಕ್ಕಳಲ್ಲಿ ಆತನೇ ಹಿರಿಯ. ಇಪ್ಪತ್ತೈದನೆಯ ವಯಸ್ಸಿಗೆ ರೈಲು ರಸ್ತೆಯ ಕೆಲಸದಲ್ಲಿ ಕೂಲಿಯವರ ಗುಂಪಿಗೆ ಮೇಸ್ತ್ರಿಯಾಗಿದ್ದ. ದೃಢಕಾಯ, ಚುರುಕುಬುದ್ಧಿಯವ, ಹಿಡಿದ ಕೆಲಸವನ್ನು ಬಿಡದವನೆಂದು ಮೇಲಿನವರಲ್ಲಿಯೂ ಕೂಲಿಗಳಲ್ಲಿಯೂ ಒಳ್ಳೆಯ ಹೆಸರಿತ್ತು.

ಬಂಡೆ ಸಿಡಿಸುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ಎದ್ದುನಿಂತಿರುವುದು ಕಲ್ಲು ಮತ್ತು ಸುರ್ಕಿ ಗಾರೆಯಿಂದ. ಪಾಂಡವಪುರದ ಕಡೆಯಿಂದ ಬರುವ ಗೆಳೆಯರಲ್ಲಿ ಬೇಬಿ ಬೆಟ್ಟದ ಸಿಡಿತದ ಸದ್ದನ್ನು ಕೇಳುತ್ತ ಬೆಳೆದವರಿದ್ದಾರೆ. ಗೇಜನ ಕಾಲದ ಕ್ರಮ ಹೀಗಿತ್ತು: ಬಂಡೆಯಲ್ಲಿ ಕುಳಿ ಕೊರೆದು, ಮದ್ದನ್ನು ಸುರಿದು, ಬತ್ತಿಯನ್ನಿಟ್ಟು, ಮೇಲೆ ಮರಳನ್ನು ತುಂಬಿ, ಕಬ್ಬಿಣದ ಸಲಾಕೆಯಿಂದ ಗಟ್ಟಿಯಾಗಿ ಜಡಿಯಬೇಕು. ಮದ್ದಿಗೂ ಕಬ್ಬಿಣಕ್ಕೂ ನಡುವೆ ಕಾಪಾಗಿರುವುದು ಆ ಮರಳೊಂದೇ. ಗೇಜನ ಸಲಾಕೆಯನ್ನು ಕಮ್ಮಾರನೊಬ್ಬ ಆತನಿಗಾಗಿಯೇ ಮಾಡಿಕೊಟ್ಟಿದ್ದ. ಅದರ ಉದ್ದ 3 ಅಡಿ 7 ಅಂಗುಲ, ದಪ್ಪ ಒಂದೂಕಾಲು ಅಂಗುಲ, ತೂಕ ಸುಮಾರು 6 ಕಿಲೋ. ಒಂದು ತುದಿ ಮೊನಚು.

1848ರ ಸೆಪ್ಟೆಂಬರ್ 13ರ ಸಂಜೆ, ವರ್ಮಾಂಟ್ ಸಂಸ್ಥಾನದ ಕ್ಯಾವೆಂಡಿಷ್ ಊರಿನ ಬಳಿ, ಗೇಜ್ ಹಿಂದಿದ್ದ ಕೂಲಿಗಳ ಕಡೆಗೆ ಮುಖ ತಿರುಗಿಸಿದ. ಅದೇ ಕ್ಷಣದಲ್ಲಿ ಸಲಾಕೆ ಬಂಡೆಗೆ ತಾಗಿ ಕಿಡಿ ಹಾರಿತು, ಮದ್ದು ಹತ್ತಿತು. ಸಲಾಕೆಯು ಆತನ ಎಡಗೆನ್ನೆಯನ್ನು ಹೊಕ್ಕು, ಎಡಗಣ್ಣಿನ ಹಿಂದಿನಿಂದ ಹಾದು, ನೆತ್ತಿಯನ್ನು ಸೀಳಿಕೊಂಡು ಹೊರಬಂದು ಸುಮಾರು 80 ಅಡಿ ದೂರ ಹೋಗಿ ಬಿದ್ದಿತು. ಮೆದುಳಿನ ಮುಂಭಾಗದ ಒಂದು ಪಾಲು ಅದರೊಡನೆಯೇ ಹೋಯಿತು.

ಆಶ್ಚರ್ಯವೆಂದರೆ, ಕೆಲವೇ ನಿಮಿಷಗಳಲ್ಲಿ ಆತ ಮಾತನಾಡಿದ. ಎತ್ತಿನ ಗಾಡಿಯಲ್ಲಿ ಕುಳಿತೇ ಬಿಡಾರಕ್ಕೆ ಬಂದ. ಚಿಕಿತ್ಸೆಗೆ ನಿಂತವನು ಇನ್ನೂ ಮೂವತ್ತು ತುಂಬದ ಹಳ್ಳಿಯ ವೈದ್ಯ ಜಾನ್ ಹಾರ್ಲೊ. ಕ್ರಿಮಿನಾಶಕಗಳ ಅರಿವಿಲ್ಲದ ಕಾಲವದು. ಗಾಯ ಕೀತುಕೊಂಡು ಗೇಜ್ ಪ್ರಜ್ಞೆ ತಪ್ಪುವ ಸ್ಥಿತಿಗೆ ಬಂದ. ಬಳಗದವರು ಶವಪೆಟ್ಟಿಗೆಯನ್ನು ಸಿದ್ಧಮಾಡಿಟ್ಟರು. ಹಾರ್ಲೊ ಧೃತಿಗೆಡದೆ ಕೀವನ್ನು ಹೊರತೆಗೆದ. ಅಕ್ಟೋಬರ್ ಮೊದಲ ವಾರದಲ್ಲಿ ರೋಗಿ ಎದ್ದು ಹೆಜ್ಜೆಯಿಟ್ಟ. ನವೆಂಬರ್ ಮುಗಿಯುವುದರೊಳಗೆ ತಂದೆತಾಯಿಗಳ ಮನೆಯನ್ನು ಸೇರಿದ. ಹೋದದ್ದು ಎಡಗಣ್ಣಿನ ದೃಷ್ಟಿ ಮಾತ್ರವೆಂದು ನೋಡಿದವರು ತಿಳಿದರು.

ಹೋದದ್ದು ಅಷ್ಟೇ ಆಗಿರಲಿಲ್ಲ. ತಾಳ್ಮೆ ಹೋಗಿತ್ತು. ಹಿಂದೆಂದೂ ಆಡದ ಕೆಟ್ಟ ಮಾತುಗಳು ನಾಲಗೆಯ ಮೇಲೆ ಬಂದವು. ಒಂದು ಯೋಜನೆಯನ್ನು ಹೂಡಿ, ಅದು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುವನು. ಗೆಳೆಯರ ಕಣ್ಣಿಗೆ ಆತ ಬೇರೆಯೇ ಮನುಷ್ಯನಾಗಿ ಕಂಡ. ಅಷ್ಟು ಮೆಚ್ಚಿದ್ದ ರೈಲು ರಸ್ತೆಯವರು ಮೇಸ್ತ್ರಿಯ ಕೆಲಸವನ್ನು ಮತ್ತೆ ಕೊಡಲಿಲ್ಲ. ಕೆಲಕಾಲ ಆತ ನ್ಯೂಯಾರ್ಕಿನ ಬಾರ್ನಮ್ ಪ್ರದರ್ಶನಶಾಲೆಯಲ್ಲಿ ಸಲಾಕೆಯನ್ನು ಹಿಡಿದು ಜನರ ನೋಟಕ್ಕೆ ನಿಂತ.

ಪುಸ್ತಕಗಳ ಗೇಜ್ ಇಲ್ಲಿಗೆ ಮುಗಿಯುತ್ತಾನೆ. ಬದುಕಿದ ಗೇಜ್ ಮುಗಿಯಲಿಲ್ಲ. ಆತ ನ್ಯೂ ಹ್ಯಾಂಪ್‌ಷೈರಿಗೆ ಮರಳಿ ಕುದುರೆ ಲಾಯವೊಂದರಲ್ಲಿ ಸುಮಾರು ಒಂದೂವರೆ ವರ್ಷ ದುಡಿದ. 1852ರಲ್ಲಿ ಹಡಗು ಹತ್ತಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋದ. ಅಲ್ಲಿ ವಾಲ್ಪರೈಸೊ ಮತ್ತು ಸಾಂಟಿಯಾಗೊ ನಗರಗಳ ನಡುವೆ ಆರು ಕುದುರೆಗಳ ಪ್ರಯಾಣದ ಗಾಡಿಯನ್ನು ಹೊಡೆಯುವ ಕೆಲಸಕ್ಕೆ ಸೇರಿದ. ಸರಿಸುಮಾರು ಏಳು ವರ್ಷ ಅದರಲ್ಲೇ ಇದ್ದ. ಈ ಕೆಲಸ ಸುಲಭದ್ದೆಂದು ಯಾರೂ ಭಾವಿಸಬಾರದು. ಕುದುರೆಗಳ ಆರೈಕೆ, ವೇಳೆಯ ಕಟ್ಟುನಿಟ್ಟು, ಒರಟು ದಾರಿ, ಪರಭಾಷೆಯ ಪ್ರಯಾಣಿಕರು, ಇವೆಲ್ಲವನ್ನೂ ನಿಭಾಯಿಸಬೇಕು. ತಾಳ್ಮೆಯಿಲ್ಲದವನೆಂದು ಹೊರಹಾಕಲ್ಪಟ್ಟವನು ಇದನ್ನು ಹೇಗೆ ಮಾಡಿದ? ಈಚಿನ ವಿದ್ವಾಂಸರು, ಮುಖ್ಯವಾಗಿ ಮ್ಯಾಲ್ಕಮ್ ಮ್ಯಾಕ್‌ಮಿಲನ್, ಕೊಡುವ ಉತ್ತರ ಇದು: ದಿನವೂ ಅದೇ ವೇಳೆ, ಅದೇ ದಾರಿ, ಒಂದಾದ ಮೇಲೊಂದು ಗೊತ್ತಾದ ಕೆಲಸ. ಈ ಕ್ರಮವೇ ಒಡೆದ ಮನಸ್ಸಿಗೆ ಊರುಗೋಲಾಗಿ, ಆತ ಕಳೆದುಕೊಂಡದ್ದರಲ್ಲಿ ಬಹುಭಾಗವನ್ನು ಮರಳಿ ಕಲಿತಿರಬೇಕು.

1859ರಲ್ಲಿ ಆರೋಗ್ಯ ಕೆಟ್ಟು ಗೇಜ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ತಾಯಿಯ ಬಳಿಗೆ ಬಂದ. ಚೇತರಿಸಿಕೊಂಡೊಡನೆ ಮತ್ತೆ ಹೊಲದ ಕೆಲಸಕ್ಕೆ ಹೋದ. ಮರುವರ್ಷ ಅಪಸ್ಮಾರದ ಸೆಳೆತಗಳು ತೊಡಗಿ, 1860ರ ಮೇ 21ರಂದು ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ. ಹಾರ್ಲೊ ತಾಯಿಯ ಒಪ್ಪಿಗೆ ಪಡೆದು ತಲೆಬುರುಡೆಯನ್ನು ತರಿಸಿಕೊಂಡು, 1868ರಲ್ಲಿ ಪೂರ್ಣ ವೃತ್ತಾಂತವನ್ನು ಪ್ರಕಟಿಸಿದ. ಬುರುಡೆಯೂ ಸಲಾಕೆಯೂ ಹಾರ್ವರ್ಡ್ ವೈದ್ಯಶಾಲೆಯ ಸಂಗ್ರಹದಲ್ಲಿವೆ. 2009ರಲ್ಲಿ ಗೇಜನದೆಂದು ಗುರುತಿಸಲ್ಪಟ್ಟ ಭಾವಚಿತ್ರವೊಂದು ಪ್ರಕಟವಾಯಿತು. ಒಳ್ಳೆಯ ಉಡುಪು, ಮುಚ್ಚಿದ ಎಡಗಣ್ಣು, ಕೈಯಲ್ಲಿ ಸಲಾಕೆ. ಅದು ಸೋತವನ ಮುಖವಲ್ಲ.

ಈ ಚರಿತ್ರೆಯನ್ನು ನಾನು ಓದಿದ್ದು ಪರೀಕ್ಷೆಗಾಗಿ. ಮರೆಯಲಾಗದಿರುವುದು ಬೇರೆ ಕಾರಣಕ್ಕೆ. ಕೃಷ್ಣರಾಜಪೇಟೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನನ್ನ ಚಿಕ್ಕಪ್ಪ ಮೋಟಾರ್ ಸೈಕಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಗಾಯ ಮಾಯಿತು, ಸಿಟ್ಟು, ಮರೆವು ಉಳಿದವು. ತಲೆ ಸರಿಯಿಲ್ಲವೆಂದು ಮನೆಯವರಾದ ನಾವೇ ಎರಡು ವರ್ಷ ಅವರ ಕೈಗೆ ಯಾವ ಕೆಲಸವನ್ನೂ ಕೊಡಲಿಲ್ಲ. ಕೊನೆಗೆ ನಮ್ಮ ಅಜ್ಜಿ, ಯಾರನ್ನೂ ಕೇಳದೆ, ಬೆಳಗಿನ ಹಾಲನ್ನು ಡೈರಿಗೆ ಹಾಕಿಬರುವ ಕೆಲಸವನ್ನು ಅವರಿಗೆ ಒಪ್ಪಿಸಿದಳು. ಮೊದಮೊದಲು ಕ್ಯಾನನ್ನು ಅಲ್ಲಿಯೇ ಮರೆತು ಬರುತ್ತಿದ್ದರು. ಈಗ ಮರೆಯುವುದಿಲ್ಲ. ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಡೈರಿಯ ಲೆಕ್ಕ ತಪ್ಪಿದ್ದಿಲ್ಲ.

ಅಜ್ಜಿಗೆ ಅಕ್ಷರ ಬಾರದು. ಗೇಜನ ಹೆಸರನ್ನು ಕೇಳಿದವಳಲ್ಲ. ತಲೆಗೆ ಪೆಟ್ಟಾದವನಿಗೆ ವೈದ್ಯ ಬೇಕು, ಔಷಧ ಬೇಕು, ಬೆಂಗಳೂರಿನ ನಿಮ್ಹಾನ್ಸಿನಂಥ ಸಂಸ್ಥೆ ಬೇಕು. ಅವೆಲ್ಲ ಆದ ಮೇಲೆ, ನಾಳೆ ಬೆಳಿಗ್ಗೆ ಏಳುವುದಕ್ಕೆ ಒಂದು ಕೆಲಸವೂ ಬೇಕು. ಅದನ್ನು ಕೊಡಬೇಕಾದವರು ನಾವು.