ತಳಿವಿಜ್ಞಾನದ ಪಿತಾಮಹ ಗ್ರೆಗರ್ ಮೆಂಡೆಲ್

ನಾಮಕರಣದ ದಿನ ತೊಟ್ಟಿಲ ಸುತ್ತ ನೆರೆಯುವ ಹಿರಿಯರಿಗೆ ನಮ್ಮ ಮನೆಗಳಲ್ಲಿ ತಪ್ಪದೆ ಒಂದು ಕೆಲಸವಿರುತ್ತದೆ. ಮೂಗು ಅಜ್ಜನದು, ಹಣೆ ಸೋದರತ್ತೆಯದು, ಮೈಬಣ್ಣ ತಾಯಿಯ ತವರಿನದು ಎಂದು ಮಗುವಿನ ಒಂದೊಂದು ಲಕ್ಷಣವನ್ನೂ ಎರಡು ಕಡೆಯ ಬಂಧುಗಳಿಗೆ ಹಂಚಿಕೊಡುವುದೇ ಆ ಕೆಲಸ. ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ನಮ್ಮಲ್ಲಿಯೂ ಈ ರೂಢಿ ಮರೆಯಾಗಿಲ್ಲ. ತಂದೆಯಲ್ಲಾಗಲಿ ತಾಯಿಯಲ್ಲಾಗಲಿ ಕಾಣದ ಗುಣವೊಂದು ಮಗುವಿನಲ್ಲಿ ತೋರಿದಾಗ ಮಾತ್ರ ಮಾತು ತುಸು ತಡವರಿಸುತ್ತದೆ. ಅದರಲ್ಲಿಯೂ ಆ ಗುಣ ಒಂದು ಕಾಯಿಲೆಯಾಗಿದ್ದರೆ ಮನೆಯವರ ದೃಷ್ಟಿ ಸೊಸೆಯ ಕಡೆಗೆ ತಿರುಗುವುದನ್ನು ನಾವೆಲ್ಲ ಕಂಡಿದ್ದೇವೆ. ಕಾಣದ ಗುಣ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಮೊತ್ತಮೊದಲು ಲೆಕ್ಕವಿಟ್ಟು ಉತ್ತರ ಕಂಡುಕೊಂಡವರು ಮಠದ ಹಿತ್ತಿಲಿನಲ್ಲಿ ಬಟಾಣಿ ಬೆಳೆಸುತ್ತಿದ್ದ ಒಬ್ಬ ಕ್ರೈಸ್ತ ಸನ್ಯಾಸಿ. ಅವರ ಜೀವನವನ್ನು ಇಲ್ಲಿ ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಯೋಹಾನ್ ಮೆಂಡೆಲ್ ಜನಿಸಿದ್ದು 1822ರ ಜುಲೈ ತಿಂಗಳಿನಲ್ಲಿ, ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಹೈನ್‌ಟ್ಸೆಂಡಾರ್ಫ್ ಎಂಬ ಹಳ್ಳಿಯಲ್ಲಿ. ಈಗ ಅದು ಝೆಕ್ ಗಣರಾಜ್ಯದಲ್ಲಿದೆ. ತಂದೆ ಆಂಟನ್ ರೈತರು. ಸ್ವಂತ ಬೇಸಾಯದ ಜೊತೆಗೆ ಜಮೀನ್ದಾರನ ಹೊಲದಲ್ಲಿ ಬಿಟ್ಟಿ ದುಡಿಮೆಯನ್ನೂ ಮಾಡಬೇಕಾಗಿದ್ದವರು. ತಾಯಿ ರೋಸಿನ್. ಅಕ್ಕ ವೆರೋನಿಕಾ, ತಂಗಿ ತೆರೇಸಿಯಾ. ಮನೆಗೆ ಒಬ್ಬನೇ ಮಗನಾದುದರಿಂದ ಹೊಲಮನೆಗಳು ಅವನ ಪಾಲಿಗೆ ಬರುವುದೆಂದೇ ಎಲ್ಲರೂ ಭಾವಿಸಿದ್ದರು. ಆದರೆ ಹುಡುಗನ ಒಲವು ಓದಿನ ಕಡೆಗಿತ್ತು. 1838ರಲ್ಲಿ ಮರದ ದಿಮ್ಮಿ ಉರುಳಿ ತಂದೆಗೆ ತೀವ್ರವಾದ ಪೆಟ್ಟಾಯಿತು. ಮನೆಯಿಂದ ಬರುತ್ತಿದ್ದ ಅಲ್ಪ ಹಣವೂ ನಿಂತುಹೋಯಿತು. ಹದಿನಾರರ ಹುಡುಗ ಮನೆಪಾಠ ಹೇಳಿ ಶಾಲೆಯ ಖರ್ಚನ್ನು ಹೊಂದಿಸಿಕೊಂಡ. ಅರೆಹೊಟ್ಟೆಯ ಆ ದಿನಗಳು ಅವನನ್ನು ತಿಂಗಳುಗಟ್ಟಲೆ ಹಾಸಿಗೆ ಹಿಡಿಸಿದವು.

ಕೊನೆಗೆ ಹೊಲ ಅಕ್ಕನ ಗಂಡನ ಕೈಸೇರಿತು. ತಂಗಿ ತೆರೇಸಿಯಾ ತನ್ನ ಮದುವೆಗೆಂದು ಮೀಸಲಾಗಿದ್ದ ಹಣದಲ್ಲಿ ಒಂದು ಭಾಗವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಮೆಂಡೆಲರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಈ ಸಂಗತಿಯನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ತಂಗಿಯ ಮದುವೆಯ ಹಣವೆಂದರೆ ಏನೆಂಬುದನ್ನು ಬಲ್ಲ ನಮ್ಮ ಓದುಗರಿಗೆ ಅದರ ತೂಕವನ್ನು ವಿವರಿಸಬೇಕಾಗಿಲ್ಲ. ಮೆಂಡೆಲರೂ ಅದನ್ನು ಮರೆಯಲಿಲ್ಲ. ಮುಂದೆ ತೆರೇಸಿಯಾಳ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸದ ಹೊಣೆಯನ್ನು ಅವರೇ ಹೊತ್ತರು. ಅವರಲ್ಲಿ ಇಬ್ಬರು ವೈದ್ಯರಾದರು.

ಆದರೂ ಬಡತನ ಬಿಡಲಿಲ್ಲ. ಭೌತವಿಜ್ಞಾನದ ಅಧ್ಯಾಪಕರೊಬ್ಬರ ಶಿಫಾರಸಿನಿಂದ 1843ರಲ್ಲಿ ಯೋಹಾನ್ ಬ್ರನೊ ನಗರದ ಸಂತ ಥಾಮಸ್ ಮಠವನ್ನು ಸೇರಿ ಗ್ರೆಗರ್ ಎಂಬ ಹೆಸರನ್ನು ಪಡೆದರು. ವೈರಾಗ್ಯಕ್ಕಿಂತ ಹೆಚ್ಚಾಗಿ ಊಟ, ವಸತಿ ಹಾಗೂ ಓದಿನ ನಿಶ್ಚಿಂತೆ ಅವರನ್ನು ಅಲ್ಲಿಗೆ ಕರೆತಂದಿತೆಂದು ಹೇಳಿದರೆ ಅಪಚಾರವಾಗಲಾರದು. ಮಠವೂ ಬರಿಯ ಪ್ರಾರ್ಥನೆಯ ತಾಣವಾಗಿರಲಿಲ್ಲ. ಮಠಾಧಿಪತಿ ಸಿರಿಲ್ ನಾಪ್ ಕೃಷಿಯಲ್ಲಿ ಆಸಕ್ತರು. ಉಣ್ಣೆ ಉದ್ಯಮಕ್ಕೆ ಹೆಸರಾದ ಆ ಪ್ರಾಂತ್ಯದ ಕುರಿ ಸಾಕಣೆಗಾರರು, ಒಳ್ಳೆಯ ಟಗರಿನ ಗುಣ ಮರಿಗೆ ಹೇಗೆ ಬರುತ್ತದೆ ಎಂಬುದನ್ನು 1830ರ ದಶಕದಲ್ಲಿಯೇ ಸಭೆ ಸೇರಿ ಚರ್ಚಿಸುತ್ತಿದ್ದರು. ನಾಪ್ ಕೂಡ ಆ ಚರ್ಚೆಗಳಲ್ಲಿ ಪಾಲ್ಗೊಂಡವರೇ.

ರೋಗಿಗಳ ಹಾಸಿಗೆಯ ಬಳಿ ನಿಂತು ಸಾಂತ್ವನ ಹೇಳುವ ಪಾದ್ರಿಯ ಕೆಲಸ ಮೆಂಡೆಲರ ಸೂಕ್ಷ್ಮ ಮನಸ್ಸಿಗೆ ಒಗ್ಗಲಿಲ್ಲ. ನಾಪ್ ಅವರನ್ನು ಶಾಲೆಯ ಅಧ್ಯಾಪನಕ್ಕೆ ಕಳುಹಿಸಿದರು. 1850ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕುಳಿತ ಮೆಂಡೆಲರು ಅನುತ್ತೀರ್ಣರಾದರು. ಮುಂದೆ ಜೀವವಿಜ್ಞಾನದ ದಿಕ್ಕನ್ನೇ ಬದಲಿಸಲಿದ್ದ ವ್ಯಕ್ತಿ ಸೋತ ವಿಷಯಗಳಲ್ಲಿ ಪ್ರಕೃತಿ ವಿಜ್ಞಾನವೂ ಒಂದಾಗಿತ್ತು! 1856ರಲ್ಲಿ ಮತ್ತೊಮ್ಮೆ ಪ್ರಯತ್ನಿಸಿದಾಗ ಅಸ್ವಸ್ಥರಾಗಿ ಪರೀಕ್ಷೆಯನ್ನು ಪೂರೈಸಲಾಗಲಿಲ್ಲ. ಹಾಗಾಗಿ ಬ್ರನೊ ಶಾಲೆಯಲ್ಲಿ 1854ರಿಂದ 1868ರವರೆಗೆ ಅವರು ಬದಲಿ ಅಧ್ಯಾಪಕರಾಗಿಯೇ ಉಳಿದರು. ಆದರೆ ಎರಡು ಪರೀಕ್ಷೆಗಳ ನಡುವೆ, 1851ರಿಂದ 1853ರವರೆಗೆ, ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಓದುವ ಅವಕಾಶ ಅವರಿಗೆ ದೊರೆತಿತ್ತು. ಅಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಭೌತವಿಜ್ಞಾನವನ್ನೂ ಫ್ರಾಂಟ್ಸ್ ಉಂಗರ್ ಸಸ್ಯವಿಜ್ಞಾನವನ್ನೂ ಬೋಧಿಸುತ್ತಿದ್ದರು. ಗಿಡಗಳನ್ನು ಎಣಿಸಬೇಕು, ಎಣಿಕೆಯಲ್ಲಿ ನಿಯಮವನ್ನು ಹುಡುಕಬೇಕು ಎಂಬ ದೃಷ್ಟಿ ಮೆಂಡೆಲರಿಗೆ ಒದಗಿದ್ದು ಅಲ್ಲಿಯ ಗಣಿತ ಹಾಗೂ ಭೌತವಿಜ್ಞಾನದ ಪಾಠಗಳಿಂದ ಎಂಬುದು ನಮ್ಮ ಅಭಿಪ್ರಾಯ.

ಆ ಕಾಲದ ವಿದ್ವಾಂಸರಲ್ಲಿ ಅನೇಕರು ತಂದೆತಾಯಿಗಳ ಗುಣಗಳು ಹಾಲು ಮತ್ತು ಡಿಕಾಕ್ಷನ್ನಿನಂತೆ ಬೆರೆತುಹೋಗುತ್ತವೆ ಎಂದು ನಂಬಿದ್ದರು. ಬೆರೆತ ಕಾಫಿಯಿಂದ ಹಾಲನ್ನು ಮರಳಿ ಪಡೆಯುವಂತಿಲ್ಲ. ಹಾಗಾದರೆ ಅಜ್ಜನಲ್ಲಿದ್ದು ಅಪ್ಪನಲ್ಲಿ ಕಾಣದ ಗುಣ ಮೊಮ್ಮಗನಲ್ಲಿ ಮತ್ತೆ ತಲೆದೋರುವುದು ಹೇಗೆ? ಮೆಂಡೆಲರು ಇದಕ್ಕೆ ಬಟಾಣಿ ಗಿಡವನ್ನು ಆರಿಸಿಕೊಂಡರು. ಬಟಾಣಿಯ ಹೂವು ಮುಚ್ಚಿದ ದಳಗಳೊಳಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಹೊರಗಿನ ಪರಾಗ ಸುಲಭವಾಗಿ ಒಳನುಸುಳದು. 34 ತಳಿಗಳನ್ನು ತರಿಸಿ ಎರಡು ವರ್ಷ ಬರಿದೆ ಬೆಳೆಸಿ, ಬೀಜದಂತೆಯೇ ಬೆಳೆ ಬರುವುದನ್ನು ಖಚಿತಪಡಿಸಿಕೊಂಡು, ಅವುಗಳಲ್ಲಿ 22ನ್ನು ಉಳಿಸಿಕೊಂಡರು. ಬೀಜದ ಆಕಾರ, ಬೀಜದ ಬಣ್ಣ, ಗಿಡದ ಎತ್ತರ ಮೊದಲಾಗಿ ಏಳು ಗುಣಗಳನ್ನು ಗೊತ್ತುಮಾಡಿಕೊಂಡರು. 1856ರಿಂದ 1863ರವರೆಗೆ ಸುಮಾರು 28,000 ಗಿಡಗಳು ಅವರ ಕೈಯಲ್ಲಿ ಹಾದುಹೋದವು. ಎಳೆಯ ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಚಿಮಟದಿಂದ ಕಿತ್ತು, ಬೇರೆ ತಳಿಯ ಪರಾಗವನ್ನು ಸವರಿ, ಹೂವಿಗೆ ಪುಟ್ಟ ಚೀಲ ಕಟ್ಟುವ ಕೆಲಸವನ್ನು ವರ್ಷ ವರ್ಷವೂ ತಾಳ್ಮೆಯಿಂದ ನಡೆಸಿದರು.

ಗುಂಡು ಬೀಜದ ತಳಿಗೂ ಸುಕ್ಕು ಬೀಜದ ತಳಿಗೂ ಸಂಕರ ಮಾಡಿದಾಗ ಹುಟ್ಟಿದ ಬೀಜಗಳೆಲ್ಲ ಗುಂಡಾಗಿದ್ದವು. ಸುಕ್ಕು ಅಳಿಯಿತೆಂದೇ ಹೇಳಬೇಕಿತ್ತು. ಆ ಸಂಕರ ಗಿಡಗಳನ್ನು ತಮ್ಮಷ್ಟಕ್ಕೆ ಕಾಯಿಕಟ್ಟಲು ಬಿಟ್ಟಾಗ ಮಾತ್ರ ಮರುಪೀಳಿಗೆಯಲ್ಲಿ ಸುಕ್ಕು ಬೀಜ ಮರಳಿ ಬಂತು. ಮೆಂಡೆಲರು ಎಣಿಸಿದರು: 5,474 ಗುಂಡು, 1,850 ಸುಕ್ಕು. ಹಳದಿ ಮತ್ತು ಹಸಿರು ಬೀಜಗಳ ಎಣಿಕೆಯಲ್ಲಿ 6,022 ಹಳದಿ, 2,001 ಹಸಿರು. ಏಳು ಗುಣಗಳಲ್ಲಿಯೂ ಮೂರಕ್ಕೆ ಒಂದರ ಪ್ರಮಾಣವೇ ಹೆಚ್ಚುಕಡಿಮೆ ಕಂಡುಬಂತು. ಇಷ್ಟಕ್ಕೇ ಅವರು ನಿಲ್ಲಲಿಲ್ಲ. ಗುಂಡು ಬೀಜಗಳಿಂದ ಬೆಳೆದ 565 ಗಿಡಗಳನ್ನು ಇನ್ನೊಂದು ಪೀಳಿಗೆ ಮುಂದುವರಿಸಿದರು. ಅವುಗಳಲ್ಲಿ 193 ಗುಂಡು ಬೀಜವನ್ನಷ್ಟೇ ಕೊಟ್ಟರೆ, 372 ಎರಡೂ ಬಗೆಯನ್ನು ಕೊಟ್ಟವು. ಕಣ್ಣಿಗೆ ಒಂದೇ ರೀತಿ ತೋರುವ ಬೀಜಗಳು ಒಳಗೆ ಒಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು. ನಮ್ಮ ದೃಷ್ಟಿಯಲ್ಲಿ ಅವರ ಇಡೀ ಶೋಧನೆಯ ಹೃದಯವಿರುವುದು ಪ್ರಸಿದ್ಧವಾದ ಮೂರು-ಒಂದರ ಪ್ರಮಾಣಕ್ಕಿಂತಲೂ ಈ ಕೊನೆಯ ಎಣಿಕೆಯಲ್ಲಿ.

ಪ್ರತಿಯೊಂದು ಗುಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು ಅಂಶ ಬರುತ್ತದೆ. ಎರಡೂ ಒಂದರೊಳಗೊಂದು ಕರಗದೆ ಜೊತೆಗಿರುತ್ತವೆ. ಸಂತಾನಕ್ಕೆ ಸಾಗುವಾಗ ಬೇರ್ಪಟ್ಟು ಎರಡರಲ್ಲಿ ಒಂದು ಮಾತ್ರ ಹೋಗುತ್ತದೆ ಎಂಬುದು ಅವರ ತೀರ್ಮಾನ. ಇದು ಕಾಫಿಯಂತಲ್ಲ, ಅವರೆ ಹುರುಳಿಗಳನ್ನು ಬೆರೆಸಿದಂತೆ. ಎಷ್ಟು ಬೆರೆಸಿದರೂ ಮತ್ತೆ ಆರಿಸಬಹುದು. ಸುಕ್ಕಿನ ಅಂಶ ಎರಡೂ ಕಡೆಯಿಂದ ಬಂದರೆ ಮಾತ್ರ ಬೀಜ ಸುಕ್ಕಾಗುತ್ತದೆ. ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದಾಗ ಎರಡೂ ಅಂಕಿ ಮೇಲಾಗಿ ಬೀಳುವ ಸಂಭವ ನಾಲ್ಕರಲ್ಲಿ ಒಂದು. ಮೂರು-ಒಂದರ ಗುಟ್ಟು ಇಷ್ಟೇ. ನಮ್ಮ ಶಾಲಾ ಪುಸ್ತಕಗಳು ಹೀಗೆ ಮರೆಯಲ್ಲಿರುವ ಗುಣವನ್ನು ದುರ್ಬಲ ಗುಣವೆಂದು ಕರೆಯುತ್ತವೆ. ಅದು ದುರ್ಬಲವಲ್ಲ, ಸುಪ್ತ. ಬಣ್ಣ ಮತ್ತು ಆಕಾರಗಳನ್ನು ಒಟ್ಟಿಗೆ ಪರೀಕ್ಷಿಸಿದಾಗ 556 ಬೀಜಗಳಲ್ಲಿ 315, 108, 101, 32 ಎಂಬ ನಾಲ್ಕು ಗುಂಪುಗಳು ದೊರೆತು, ಒಂದು ಗುಣ ಇನ್ನೊಂದರ ಹಂಗಿಲ್ಲದೆ ಸಾಗುವುದೂ ತಿಳಿದುಬಂತು. ಎಲ್ಲ ಗುಣಗಳೂ ಹೀಗೆ ಸ್ವತಂತ್ರವಲ್ಲವೆಂಬುದು ಮುಂದಿನವರು ಕಂಡ ಸತ್ಯ.

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರನೊ ಪ್ರಕೃತಿ ವಿಜ್ಞಾನ ಸಂಘದ ಸಭೆಗಳಲ್ಲಿ ಮೆಂಡೆಲರು ತಮ್ಮ ಪ್ರಬಂಧವನ್ನು ಓದಿದರು. ಮರುವರ್ಷ ಅದು ಮುದ್ರಣವಾಯಿತು. 40 ಪ್ರತಿಗಳನ್ನು ಪ್ರತ್ಯೇಕವಾಗಿ ಮಾಡಿಸಿ ವಿದ್ವಾಂಸರಿಗೆ ಕಳುಹಿಸಿದರು. ಡಾರ್ವಿನರ ಬಳಿ ಒಂದು ಪ್ರತಿ ಬಿಚ್ಚದೆಯೇ ಉಳಿದಿತ್ತೆಂಬ ಕಥೆ ಇಂದಿಗೂ ಹಲವೆಡೆ ಅಚ್ಚಾಗುತ್ತದೆ, ಅದಕ್ಕೆ ಆಧಾರವಿಲ್ಲ. ಮೆಂಡೆಲರು ಡಾರ್ವಿನರನ್ನು ಓದಿದ್ದರು, ಡಾರ್ವಿನರು ಮೆಂಡೆಲರನ್ನು ಓದಲಿಲ್ಲ. ಪತ್ರವ್ಯವಹಾರ ನಡೆಸಿದ ದೊಡ್ಡ ವಿದ್ವಾಂಸರೆಂದರೆ ಮ್ಯೂನಿಕ್‌ನ ಕಾರ್ಲ್ ನೇಗೆಲಿ. ಅವರಿಗೆ ಬಟಾಣಿಯ ಲೆಕ್ಕ ಹಿಡಿಸಲಿಲ್ಲ. ಅವರ ಆಸಕ್ತಿಯ ಹಾಕ್‌ವೀಡ್ ಎಂಬ ಕಾಡುಹೂವಿನ ಮೇಲೆ ಮೆಂಡೆಲರು ಕಣ್ಣು ದಣಿಯುವಷ್ಟು ಕಾಲ ದುಡಿದರು. ಆ ಗಿಡ ಬಹುಮಟ್ಟಿಗೆ ಪರಾಗದ ನೆರವಿಲ್ಲದೆಯೇ ಬೀಜ ಕಟ್ಟುತ್ತದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಬಟಾಣಿಯ ನಿಯಮ ಅಲ್ಲಿ ಕಾಣಿಸಲೇ ಇಲ್ಲ.

1868ರಲ್ಲಿ ಮೆಂಡೆಲರು ಮಠಾಧಿಪತಿಯಾಗಿ ಆಯ್ಕೆಯಾದರು. ಜೇನುಸಾಕಣೆ ಮತ್ತು ಹವಾಮಾನದ ದಾಖಲೆಗಳನ್ನು ಕೈಬಿಡಲಿಲ್ಲವಾದರೂ ಸಂಕರದ ಪ್ರಯೋಗಗಳು ಕ್ರಮೇಣ ನಿಂತವು. ಮಠಗಳ ಮೇಲೆ ತೆರಿಗೆ ಹೇರಿದ 1874ರ ಕಾನೂನನ್ನು ಅವರು ಒಪ್ಪದೆ ಸರ್ಕಾರದೊಡನೆ ಕೊನೆಯವರೆಗೂ ಹೋರಾಡಿದರು. 1884ರ ಜನವರಿ 6ರಂದು ಮೂತ್ರಪಿಂಡದ ಕಾಯಿಲೆಯಿಂದ ನಿಧನರಾದರು. ಅಂತ್ಯಸಂಸ್ಕಾರದ ಸಂಗೀತ ನಡೆಸಿಕೊಟ್ಟವರು ಬಾಲ್ಯದಲ್ಲಿ ಅದೇ ಮಠದ ಗಾಯಕವೃಂದದಲ್ಲಿ ಕಲಿತಿದ್ದ ಲಿಯೊಶ್ ಯಾನಾಚೆಕ್. ನೆರೆದ ಜನ ಒಬ್ಬ ಉದಾರ ಮಠಾಧಿಪತಿಯನ್ನು ಬೀಳ್ಕೊಟ್ಟರು, ವಿಜ್ಞಾನಿಯನ್ನಲ್ಲ.

1900ರಲ್ಲಿ ಹ್ಯೂಗೊ ಡಿ ಫ್ರೀಸ್, ಕಾರ್ಲ್ ಕಾರೆನ್ಸ್, ಎರಿಕ್ ಫಾನ್ ಚೆರ್ಮಾಕ್ ಅವರ ಬರಹಗಳ ಮೂಲಕ ಆ ಹಳೆಯ ಪ್ರಬಂಧ ಬೆಳಕಿಗೆ ಬಂತು. ಆತನಕ 34 ವರ್ಷ ಅದು ಗ್ರಂಥಾಲಯಗಳಲ್ಲಿತ್ತು. 1936ರಲ್ಲಿ ರೊನಾಲ್ಡ್ ಫಿಷರ್ ಮೆಂಡೆಲರ ಅಂಕಿಗಳು ನಿರೀಕ್ಷೆಗೆ ಮಿತಿಮೀರಿ ಹತ್ತಿರವಾಗಿವೆ ಎಂದು ಸಂಶಯ ವ್ಯಕ್ತಪಡಿಸಿದರು. ಈ ಚರ್ಚೆ ದಶಕಗಳ ಕಾಲ ನಡೆಯಿತು. ನಿಯಮಗಳಂತೂ ಬೇರೆಯವರ ಹೊಲಗಳಲ್ಲಿಯೂ ನಿಜವೆಂದೇ ಸಾಬೀತಾದವು. 1990ರಲ್ಲಿ ಸುಕ್ಕಿನ ವಂಶವಾಹಿಯೇ ದೊರೆಯಿತು. ಪಿಷ್ಟವನ್ನು ಕವಲೊಡೆಸುವ ಕಿಣ್ವವೊಂದು ಕೆಟ್ಟಾಗ ಬೀಜದಲ್ಲಿ ಸಕ್ಕರೆ ಹೆಚ್ಚಿ, ನೀರು ಹೆಚ್ಚು ಸೇರಿ, ಒಣಗುವಾಗ ಬೀಜ ಮುದುಡುತ್ತದೆ. ಚಳಿಗಾಲದ ಉಪ್ಪಿಟ್ಟಿಗೆ ನಾವು ಹಾಕುವ ಸಿಹಿ ಬಟಾಣಿಯ ಬಹುತೇಕ ತಳಿಗಳು ಸುಕ್ಕು ಬೀಜದವೇ.

ಮನುಷ್ಯರಲ್ಲಿ ಈ ನಿಯಮವನ್ನು ಮೊದಲು ಗುರುತಿಸಿದ್ದು 1902ರಲ್ಲಿ. ಮೂತ್ರ ಕಪ್ಪಾಗುವ ಒಂದು ಅಪರೂಪದ ಕಾಯಿಲೆಯ ಮಕ್ಕಳ ತಂದೆತಾಯಿಗಳು ಹಲವೆಡೆ ರಕ್ತಸಂಬಂಧಿಗಳೇ ಆಗಿರುವುದನ್ನು ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ ಗಮನಿಸಿದರು. ಇದು ಮೆಂಡೆಲರ ಸುಪ್ತ ಗುಣವೆಂದು ವಿಲಿಯಂ ಬೇಟ್ಸನ್ ವಿವರಿಸಿದರು. ಇಲ್ಲಿಗೆ ಬಂದಾಗ ನಾವು ನಮ್ಮ ಮನೆಗಳನ್ನೂ ನೆನೆಯಬೇಕಾಗುತ್ತದೆ. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಕನ್ನಡನಾಡಿನ ಅನೇಕ ಸಮುದಾಯಗಳಲ್ಲಿ ಪ್ರೀತಿಯ ರೂಢಿ. ಸೋದರಮಾವ ಮತ್ತು ಸೊಸೆಯಲ್ಲಿ ಸರಾಸರಿ ನಾಲ್ಕರಲ್ಲೊಂದು ಪಾಲು, ಅತ್ತೆ-ಮಾವಂದಿರ ಮಕ್ಕಳಲ್ಲಿ ಎಂಟರಲ್ಲೊಂದು ಪಾಲು ವಂಶವಾಹಿಗಳು ಒಂದೇ ಮೂಲದವು. ಒಂದೇ ಸುಪ್ತ ಅಂಶ ಇಬ್ಬರಲ್ಲೂ ಇರುವ ಸಂಭವ ಇದರಿಂದ ಹೆಚ್ಚುತ್ತದೆ. ಹೆಚ್ಚಿನ ಜೋಡಿಗಳಿಗೆ ಆರೋಗ್ಯವಂತ ಮಕ್ಕಳೇ ಆಗುತ್ತಾರೆ ಎಂಬುದೂ ಅಷ್ಟೇ ಸತ್ಯ.

ಥಲಸ್ಸೀಮಿಯಾ ಕಾಯಿಲೆಗೆ ರಕ್ತಸಂಬಂಧವೇ ಬೇಕಿಲ್ಲ. ಮಹಾನಗರದಲ್ಲಿ ಬೇರೆ ಬೇರೆ ಪ್ರಾಂತ್ಯದ ಇಬ್ಬರು ವಾಹಕರು ಮದುವೆಯಾದರೂ ಸಾಕು. ಅಂಥವರ ಪ್ರತಿಯೊಂದು ಗರ್ಭಕ್ಕೂ ಅಪಾಯ ನಾಲ್ಕರಲ್ಲೊಂದು. ಮೊದಲ ಮಗುವಿಗೆ ಕಾಯಿಲೆ ಬಂದರೆ ಮುಂದಿನ ಮೂವರು ಸುರಕ್ಷಿತ ಎಂಬುದು ತಪ್ಪು ಲೆಕ್ಕ. ನಾಣ್ಯಕ್ಕೆ ಹಿಂದಿನದರ ನೆನಪಿರುವುದಿಲ್ಲ. ಹಿಮೋಗ್ಲೋಬಿನ್ ಎ2 ಪ್ರಮಾಣವನ್ನು ಅಳೆಯುವ ರಕ್ತಪರೀಕ್ಷೆಯಿಂದ ವಾಹಕರನ್ನು ಸಾಮಾನ್ಯವಾಗಿ ಗುರುತಿಸಬಹುದು. ಇಂಥ ಕಾಯಿಲೆಯ ಮಗು ಹುಟ್ಟಬೇಕಾದರೆ ಅಂಶ ಎರಡೂ ಮನೆಗಳಿಂದ ಬಂದಿರಲೇಬೇಕು. ಸೊಸೆಯೊಬ್ಬಳನ್ನೇ ದೂರುವುದಕ್ಕೆ ಬಟಾಣಿಯ ಲೆಕ್ಕದಲ್ಲಿ ಎಡೆಯಿಲ್ಲ. ಅಜ್ಜನ ಮೂಗಿನ ವಿಚಾರ ಮಾತ್ರ ಇಷ್ಟು ಸರಳವಲ್ಲ. ಮೂಗು, ಎತ್ತರ, ಮೈಬಣ್ಣಗಳಲ್ಲಿ ಅನೇಕ ವಂಶವಾಹಿಗಳ ಕೈಯಿದೆ.

ಮೆಂಡೆಲರ ಅಮೃತಶಿಲೆಯ ಪ್ರತಿಮೆ 1910ರಲ್ಲಿ ಬ್ರನೊ ನಗರದಲ್ಲಿ ಅನಾವರಣಗೊಂಡಿತು. ಸೋವಿಯತ್ ಒಕ್ಕೂಟದಲ್ಲಿ ಲೈಸೆಂಕೊ ಪ್ರಭಾವ ಬೆಳೆದಾಗ ಮೆಂಡೆಲರ ತತ್ತ್ವ ತಿರಸ್ಕೃತವಾಯಿತು. ಅದನ್ನು ಎತ್ತಿಹಿಡಿದ ಸಸ್ಯವಿಜ್ಞಾನಿ ವಾವಿಲೋವ್ 1943ರಲ್ಲಿ ಸೆರೆಮನೆಯಲ್ಲಿ ತೀರಿಕೊಂಡರು. 1950ರಲ್ಲಿ ಬ್ರನೊ ಮಠವೂ ಮುಚ್ಚಿತು, ಪ್ರತಿಮೆಯನ್ನು ಚೌಕದಿಂದ ಮಠದ ಆವರಣಕ್ಕೆ ಸರಿಸಲಾಯಿತು. 2021ರಲ್ಲಿ, ಅವರ ದ್ವಿಶತಮಾನೋತ್ಸವಕ್ಕೆ ಮುನ್ನ, ಸಂಶೋಧಕರು ಬ್ರನೊ ಸ್ಮಶಾನದಲ್ಲಿ ಮಠದ ಸನ್ಯಾಸಿಗಳ ಸಮಾಧಿಯನ್ನು ತೆರೆದರು. ಅಲ್ಲಿದ್ದ ಅವಶೇಷಗಳಲ್ಲಿ ಮೆಂಡೆಲರವು ಯಾವುವೆಂದು ತಿಳಿಯಲು, ಅವರು ಬಳಸುತ್ತಿದ್ದ ವಸ್ತುಗಳಲ್ಲಿ ಉಳಿದಿದ್ದ ಡಿಎನ್‌ಎಯೊಡನೆ ಹೋಲಿಸಿ ನೋಡಿದರು.