ಸನ್ನತಿಯಲ್ಲಿ ಇಲ್ಲದ ಶಾಸನ

ಸುರಪುರ ಸೀಮೆಯ ದೇವಾಪುರದಲ್ಲಿ ಅರಸರ ಮಾತು ಬಂದರೆ ಅದು ನಾಯಕರಿಂದಲೇ ಮೊದಲಾಗುತ್ತದೆ. ಆ ನಾಯಕರಿಗಿಂತ ಎಷ್ಟೋ ಶತಮಾನಗಳ ಹಿಂದೆ ಇನ್ನೊಬ್ಬ ಅರಸನ ಆಜ್ಞೆ ಈ ಎರಡು ಹೊಳೆಗಳ ನಡುನಾಡನ್ನು ಮುಟ್ಟಿತ್ತೆಂಬುದು ನಮಗೆ ಅಷ್ಟಾಗಿ ನೆನಪಿರುವುದಿಲ್ಲ. ಊರಿನಿಂದ ತೆಂಕಣಕ್ಕೆ ಹೊರಟು ಕೃಷ್ಣೆಯನ್ನು ದಾಟಿ ಮುಂದೆ ಹೋದರೆ ಮಸ್ಕಿ ಸಿಕ್ಕುತ್ತದೆ. ಬಡಗಣಕ್ಕೆ ಹೊರಟರೆ ಭೀಮಾತೀರದ ಸನ್ನತಿ. ಎರಡು ಕಡೆಯಲ್ಲಿಯೂ ಅಶೋಕನ ಶಾಸನಗಳಿವೆ. 1915ರಲ್ಲಿ ದೊರೆತ ಮಸ್ಕಿಯ ಶಾಸನ ದೇವಾನಾಂಪ್ರಿಯನೆಂಬ ಬಿರುದಿನ ಹಿಂದಿದ್ದ ಹೆಸರನ್ನು ಹೇಳಿಕೊಟ್ಟಿತು. ಸನ್ನತಿಯ ಶಾಸನ ಮಾತ್ರ, ಒಂದು ವಿಷಯವನ್ನು ಹೇಳದೆ ಉಳಿಸಿ, ಆ ಅರಸನ ಬಾಳಿನ ಬಗೆಗೆ ನಮ್ಮನ್ನು ಚಿಂತೆಗೆ ಹಚ್ಚುತ್ತದೆ.

ಅಶೋಕನು ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ. ತರುಣನಾಗಿದ್ದಾಗ ಉಜ್ಜಯಿನಿಯಲ್ಲಿ ತಂದೆಯ ಪ್ರತಿನಿಧಿಯಾಗಿದ್ದು, ಕ್ರಿ.ಪೂ. 268ರ ಸುಮಾರಿಗೆ ಪಟ್ಟಾಭಿಷಿಕ್ತನಾದನು. ಸಿಂಹಾಸನಕ್ಕಾಗಿ ತೊಂಬತ್ತೊಂಬತ್ತು ಮಂದಿ ಸೋದರರನ್ನು ಕೊಲ್ಲಿಸಿದನೆಂದು ಬೌದ್ಧ ಕಥೆಗಳು ಹೇಳುತ್ತವೆ. ಅವನ ಶಾಸನಗಳಲ್ಲಿಯೇ ಸೋದರ ಸೋದರಿಯರ ಮನೆಗಳ ಉಲ್ಲೇಖವಿರುವುದರಿಂದ ಈ ಕಥೆಯನ್ನು ಇದ್ದಂತೆಯೇ ನಂಬಲಾಗದು. ಧರ್ಮಾಶೋಕನು ಬೆಳಗಬೇಕಾದರೆ ಚಂಡಾಶೋಕನು ಕಪ್ಪಾಗಬೇಕು. ಕಥೆಗಾರರಿಗೆ ಈ ಚಪಲ ಎಲ್ಲ ಕಾಲಕ್ಕೂ ಇದ್ದದ್ದೇ.

ಕಥೆಗಾರರ ನೆರವಿಲ್ಲದೆಯೇ ಅವನು ತಾನಾಗಿ ಒಪ್ಪಿಕೊಂಡ ಪಾಪ ಒಂದಿದೆ. ಪಟ್ಟಕ್ಕೆ ಬಂದ ಎಂಟು ವರ್ಷಗಳ ಬಳಿಕ, ಕ್ರಿ.ಪೂ. 260ರ ಹೊತ್ತಿಗೆ, ಅವನು ಕಳಿಂಗವನ್ನು ಗೆದ್ದನು. ಒಂದೂವರೆ ಲಕ್ಷ ಜನ ಸೆರೆಯಾಗಿ ಒಯ್ಯಲ್ಪಟ್ಟರು. ಒಂದು ಲಕ್ಷ ಜನ ಕೊಲ್ಲಲ್ಪಟ್ಟರು. ಅದರ ಎಷ್ಟೋ ಮಡಿ ಜನ ಬೇರೆ ರೀತಿಯಿಂದ ಸತ್ತರು. ಈ ಲೆಕ್ಕವನ್ನು ಬರೆಯಿಸಿದವನು ಸೋತ ಶತ್ರುವಲ್ಲ, ಗೆದ್ದ ಅರಸನೇ. ಸತ್ತವರನ್ನಷ್ಟೇ ಅಲ್ಲದೆ, ತಾವು ಉಳಿದೂ ನಂಟರನ್ನೂ ಗೆಳೆಯರನ್ನೂ ಕಳೆದುಕೊಂಡವರ ನೋವನ್ನು ಕೂಡ ಅವನು ಎಣಿಕೆಗೆ ತಂದುಕೊಂಡನು. ಗೆಲವನ್ನು ಕಲ್ಲಿನಲ್ಲಿ ಕೆತ್ತಿಸಿದ ಅರಸರಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಗೆಲವಿಗಾಗಿ ಮರುಗಿದೆನೆಂದು ಕೆತ್ತಿಸಿದ ಇನ್ನೊಬ್ಬನನ್ನು ನಾನು ಕಾಣೆ.

ಆದರೂ ಈ ಹದಿಮೂರನೆಯ ಶಿಲಾಶಾಸನವನ್ನು ತರಗತಿಯಲ್ಲಿ ಪಾಠಮಾಡುವಾಗಲೆಲ್ಲ ನನಗೆ ಒಂದು ಕೊರತೆ ಕಾಣುತ್ತದೆ. ಅಲ್ಲಿ ಮಾತನಾಡುವವನು ಅರಸನೊಬ್ಬನೇ. ಸೇನೆ ಹೊರಡುವ ಮುನ್ನ ಪಾಟಲಿಪುತ್ರದಲ್ಲಿ ಈ ಯುದ್ಧ ಬೇಡವೆಂದವನು ಯಾವನಾದರೂ ಇದ್ದನೇ? ಮಂತ್ರಿಯೋ ಭಿಕ್ಷುವೋ ಮಗನನ್ನು ದಂಡಿಗೆ ಕಳುಹಿಸಿದ ತಾಯಿಯೋ? ಇದ್ದಿದ್ದರೂ ಆ ಕೊರಳು ಕಲ್ಲಿನವರೆಗೆ ಬರಲಿಲ್ಲ. ವಿರೋಧದ ಮಾತನ್ನು ಆಡಿದವನು ಕಡೆಗೆ ಅರಸನೇ. ಅದೂ ಲಕ್ಷ ಜನ ಸತ್ತ ಮೇಲೆ. ಕಳಿಂಗವನ್ನು ಅವನು ಮರಳಿ ಕೊಡಲಿಲ್ಲ. ಒಯ್ದವರನ್ನು ಬಿಟ್ಟನೆಂಬ ಮಾತೂ ಶಾಸನದಲ್ಲಿ ಇಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ, ಪಶ್ಚಾತ್ತಾಪಪಟ್ಟರೂ ತನಗೆ ದಂಡಿಸುವ ಬಲವುಂಟೆಂದು ಎಚ್ಚರಿಕೆಯಿದೆ. ಬೇಡರ ನಾಡಾದ ಸುರಪುರದ ಕಡೆಯ ವಿದ್ಯಾರ್ಥಿಗಳು ಈ ಸಾಲಿಗೆ ಬಂದಾಗ ತಲೆಯೆತ್ತಿ ನೋಡುವುದುಂಟು.

ಅಶೋಕನು ಇಷ್ಟಕ್ಕೇ ನಿಲ್ಲಲಿಲ್ಲವೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ತಾನು ಊಟಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಜನರ ಕೆಲಸವನ್ನು ಕೂಡಲೆ ತಿಳಿಸಬೇಕೆಂದು ಅವನು ವರದಿಗಾರರಿಗೆ ಆಜ್ಞಾಪಿಸಿದನು. ಪರಿಷತ್ತಿನಲ್ಲಿ ಭಿನ್ನಾಭಿಪ್ರಾಯ ಹುಟ್ಟಿದರೆ ಅದೂ ತಡವಿಲ್ಲದೆ ತನ್ನ ಕಿವಿಗೆ ಬೀಳಬೇಕೆಂದನು. ಕಳಿಂಗದ ಹಿಂದೆ ಈ ಏರ್ಪಾಡು ಇದ್ದಿದ್ದರೆ ಏನಾಗುತ್ತಿತ್ತೋ! ಹನ್ನೆರಡನೆಯ ಶಾಸನದಲ್ಲಿ ತನ್ನ ಮತವನ್ನು ಹೊಗಳುತ್ತ ಪರಮತವನ್ನು ಹಳಿಯುವ ನಾಲಗೆಗೆ ಹಿಡಿತವಿರಲೆಂದೂ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಲೆಂದೂ ಬಯಸಿದನು. ಸುಮಾರು ಸಾವಿರದ ನೂರು ವರ್ಷಗಳ ಮೇಲೆ ನಮ್ಮ ಕವಿರಾಜಮಾರ್ಗಕಾರನು ಪರವಿಚಾರವನ್ನು ಸೈರಿಸುವುದನ್ನೇ ಸಂಪತ್ತೆಂದು ಎಣಿಸಿದಾಗ ಅವನಿಗೆ ಈ ಶಾಸನ ತಿಳಿದಿರಲಾರದು. ಎರಡೂ ಮಾತು ಹತ್ತಿರದವು. ಆದರೆ ಪರಮತವನ್ನು ಹಳಿಯದಿರುವುದು ಬೇರೆ, ಅರಸನ ಕಾರ್ಯವನ್ನು ತಪ್ಪೆಂದು ಹೇಳುವುದು ಬೇರೆ. ಎರಡನೆಯದಕ್ಕೆ ಅಶೋಕನಲ್ಲಿ ನೇರವಾದ ಅಭಯವಿಲ್ಲ. ಪ್ರಜೆಗಳೆಲ್ಲ ತನ್ನ ಮಕ್ಕಳೆಂದನು. ಪಿತೃವಾತ್ಸಲ್ಯ ದೊಡ್ಡದು, ನಿಜ. ಮಕ್ಕಳು ಎದುರಾಡುವುದನ್ನು ಎಷ್ಟು ಮಂದಿ ತಂದೆಯರು ಸಹಿಸುತ್ತಾರೆ?

ಅವನ ಸಿಂಹಗಳನ್ನು ರಾಷ್ಟ್ರಲಾಂಛನವಾಗಿ ಸ್ವೀಕರಿಸಿದ 1950ರ ಜನವರಿ 26ರಂದೇ ಜಾರಿಗೆ ಬಂದ ಸಂವಿಧಾನವು ವಾಕ್‌ಸ್ವಾತಂತ್ರ್ಯವನ್ನು 19ನೆಯ ವಿಧಿಯಲ್ಲಿ ಪ್ರಜೆಯ ಹಕ್ಕೆಂದಿತು. ಅದಕ್ಕೆ ಹತ್ತು ವರ್ಷ ಹಿಂದೆ, 1940ರ ಅಕ್ಟೋಬರ್ 17ರಂದು, ವಿನೋಬಾ ಭಾವೆಯವರು ಪವನಾರದಲ್ಲಿ ನಿಂತು ಯುದ್ಧಕ್ಕೆ ನೆರವಾಗಬಾರದೆಂದು ಭಾಷಣಮಾಡಿ, ಕೆಲವೇ ದಿನಗಳಲ್ಲಿ ಸೆರೆಮನೆಗೆ ಹೋಗಿದ್ದರು. ಅವರದು ಯುದ್ಧ ನಡೆಯುತ್ತಿರುವಾಗಲೇ ಕೇಳಿಬಂದ ಸಾಮಾನ್ಯ ಪ್ರಜೆಯ ಕೊರಳು. ಪಾಟಲಿಪುತ್ರದಲ್ಲಿ ನಮಗೆ ಕೇಳಿಸದೆ ಹೋದದ್ದು ಅದೇ.

ಈಗ ಸನ್ನತಿಗೆ ಬರೋಣ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಕಾಮಂದಿರದ ಮಾಡು ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಎರಡು ಮೈಗಳಲ್ಲಿಯೂ ಬ್ರಾಹ್ಮೀ ಅಕ್ಷರಗಳು ಕಂಡವು. ಒಂದು ಮೈಯಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳು. ಇನ್ನೊಂದರಲ್ಲಿ, ಕಳಿಂಗದ ಧೌಲಿ ಜೌಗಡಗಳಲ್ಲಿ ಅಧಿಕಾರಿಗಳಿಗೆಂದು ಕೆತ್ತಿಸಿದ ಎರಡು ಪ್ರತ್ಯೇಕ ಶಾಸನಗಳು. ಅವು ಇಲ್ಲಿಗೆ ಬಂದುದೇಕೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ, ಹಿಂಸಿಸಬೇಡಿ ಎಂಬ ತಾಕೀತು ಅವುಗಳಲ್ಲಿದೆ. ತಿಷ್ಯ ನಕ್ಷತ್ರದ ದಿನ ಅವನ್ನು ಓದಿ ಹೇಳಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬೇಕು ಎಂಬ ಕಟ್ಟಳೆಯೂ ಉಂಟು.

ಇಲ್ಲದಿರುವುದು ಹದಿಮೂರನೆಯದು. ಕಳಿಂಗದಲ್ಲಿಯೂ ಅದನ್ನು ಬಿಟ್ಟಿದ್ದಾರೆ. ದೂರದ ಕಂದಹಾರದಲ್ಲಿ ಅರಸನ ಮರುಕವನ್ನು ಗ್ರೀಕ್ ಭಾಷೆಯಲ್ಲಿಯೇ ಓದಬಹುದಾಗಿತ್ತು. ಯಾರ ಮನೆಗಳು ಉರಿದುವೋ ಅವರ ಊರಿನಲ್ಲಿ ಅದಿರಲಿಲ್ಲ. ಗಾಯವನ್ನು ಕೆದಕಬಾರದೆಂಬ ಸೌಜನ್ಯವೋ, ಸತ್ತವರ ಲೆಕ್ಕ ಕೇಳಿ ಜನ ತಿರುಗಿಬಿದ್ದಾರೆಂಬ ಅಂಜಿಕೆಯೋ? ನನಗೆ ಎರಡನೆಯದೇ ಹೆಚ್ಚು ಸಂಭವವೆಂದು ತೋರುತ್ತದೆ.

ಅಶೋಕನು ಕ್ರಿ.ಪೂ. 232ರ ಹೊತ್ತಿಗೆ ತೀರಿಕೊಂಡನು. ಸನ್ನತಿಯ ಮಗ್ಗುಲಲ್ಲಿರುವ ಕನಗನಹಳ್ಳಿಯ ಸ್ತೂಪದ ಒಂದು ಫಲಕದಲ್ಲಿ, ರಾಣಿಯೊಡನೆ ನಿಂತ ಅವನ ರೂಪವನ್ನು ಮುಂದಿನ ಶಿಲ್ಪಿಗಳು ಕಡೆದು ಕೆಳಗೆ ಹೆಸರನ್ನೂ ಬರೆದಿದ್ದಾರೆ. ಚಪ್ಪಡಿಯಲ್ಲಿರುವ ಹದಿನಾಲ್ಕನೆಯ ಶಾಸನವು ಎಲ್ಲ ಮಾತನ್ನೂ ಎಲ್ಲ ಕಡೆಯೂ ಬರೆಸಿಲ್ಲವೆಂದು ಒಪ್ಪಿಕೊಳ್ಳುತ್ತದೆ. ಕಳಿಂಗದ ಲೆಕ್ಕವನ್ನು ಕಲ್ಲಿನಲ್ಲಿಯೇ ಕಾಣಬಯಸುವವನು ಸನ್ನತಿಯಿಂದ ಹೊರಟು ಕೃಷ್ಣೆ ತುಂಗಭದ್ರೆಗಳನ್ನು ದಾಟಿ ಕರ್ನೂಲು ಜಿಲ್ಲೆಯ ಎರ್ರಗುಡಿಯವರೆಗೆ ಹೋಗಬೇಕು.